ಬೆಂಗಳೂರಲ್ಲಿ ಇಟಾಲಿಯನ್ ಊಟ: ದುಡ್ಡು ದಂಡ ಆಗದ ಹಾಗೆ ಹೋಟೆಲ್ ಆರಿಸೋದು ಹೇಗೆ?

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದವರು. ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಅಲ್ಲಿಗೆ ಹೋದಾಗ ಎಲ್ಲರನ್ನೂ ಒಂದು ಒಳ್ಳೆ ಇಟಾಲಿಯನ್ ಹೋಟೆಲಿಗೆ ಕರೆದುಕೊಂಡು ಹೋಗಬೇಕು ಅಂತ ಅವಳ ಆಸೆ. ಅವಳೂ ಸೇರಿ ಆರು ಜನ. ಗದಗಿನಿಂದ ಅತ್ತೆ ಮಾವ ಬರುತ್ತಾರೆ, ಅತ್ತೆ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಐದು ಸಾವಿರದೊಳಗೆ ಮುಗಿಯಬೇಕು. ಮೊಬೈಲಲ್ಲಿ ಹುಡುಕಿದರೆ ನೂರಾರು ಹೆಸರು ಬರುತ್ತವೆ, ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್. ಯಾವುದನ್ನು ನಂಬೋದು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನು ಹೋಟೆಲಿನ ಹೆಸರು ಕೊಡುವುದಿಲ್ಲ. ಬೆಂಗಳೂರಲ್ಲಿ ಇವತ್ತು ಚೆನ್ನಾಗಿರುವ ಜಾಗ, ಶೆಫ್ ಬಿಟ್ಟು ಹೋದ ಅಂದರೆ ಆರು ತಿಂಗಳಲ್ಲಿ ಬೇರೆಯೇ ಆಗಿರುತ್ತದೆ. ಬೋರ್ಡ್ ಮಾತ್ರ ಅದೇ ಇರುತ್ತದೆ, ರೇಟೂ ಅದೇ. ನಾನು ಇಟಾಲಿಯನ್ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಒಲೆ ಮುಂದೆ ನಿಂತು ಈಗ ಧಾರವಾಡದಲ್ಲಿ ಅಡುಗೆ ಕಲಿಸುವವನು. ಒಳಗಿನವರು ಹೇಗೆ ಯೋಚನೆ ಮಾಡುತ್ತಾರೆ ಅನ್ನೋದನ್ನು ಹೇಳಿದರೆ ಹೆಸರಿಗಿಂತ ಜಾಸ್ತಿ ಉಪಯೋಗ ಆದೀತು.

ನಿಮಗೆ ಹೋಟೆಲ್ ಆರಿಸೋಕೆ ಬರುವುದಿಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ. ಹುಬ್ಬಳ್ಳಿಯಲ್ಲಿ ಖಾನಾವಳಿ ಹುಡುಕುವಾಗ ಯಾರಾದರೂ ಗೋಡೆಯ ಬಣ್ಣ ನೋಡುತ್ತಾರಾ? ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆಯಾ, ಎಣಗಾಯಿ ಇವತ್ತು ಬೆಳಿಗ್ಗೆ ಮಾಡಿದ್ದಾ, ದಿನಾ ಬರುವ ಗಿರಾಕಿ ಕೂತಿದ್ದಾರಾ, ಇಷ್ಟು ಗೊತ್ತಾದರೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೀರಿ. ಎರಡೇ ಪಲ್ಯ ಇದೆ ಅಂದರೆ ಬೇಜಾರಿಲ್ಲ, ಹದಿನೆಂಟು ಪಲ್ಯ ಇದೆ ಅಂದರೆ ಮಾತ್ರ ಅನುಮಾನ ಬರುತ್ತದೆ. ಇಟಾಲಿಯನ್ ಊಟಕ್ಕೂ ಇದೇ ಕಣ್ಣು ಸಾಕು. ಅದರಲ್ಲಿ ಹೆಚ್ಚಿನದೆಲ್ಲ ಹಿಟ್ಟು, ಟೊಮೆಟೊ, ಎಣ್ಣೆ, ಬೆಳ್ಳುಳ್ಳಿ, ಸ್ವಲ್ಪ ಚೀಸ್, ಅಷ್ಟೇ. ಸಾಮಾನು ಇಷ್ಟು ಕಮ್ಮಿ ಇರುವ ಅಡುಗೆಯಲ್ಲಿ ತಪ್ಪು ಮುಚ್ಚಿಡೋಕೆ ಜಾಗವೇ ಇರುವುದಿಲ್ಲ, ಹಾಗಾಗಿ ಎಲ್ಲಿ ಸಾದಾ ತಿನಿಸು ಚೆನ್ನಾಗಿದೆಯೋ ಅಲ್ಲಿ ಮಿಕ್ಕಿದ್ದೂ ಚೆನ್ನಾಗಿರುತ್ತದೆ. ಅಗ್ಗದ್ದೂ ಅದೇ ಸಾದಾ ತಿನಿಸು ಅನ್ನೋದು ನಿಮ್ಮ ಅದೃಷ್ಟ.

ಮನೆಯಿಂದ ಹೊರಡುವ ಮುಂಚೆಯೇ ಅರ್ಧ ಕೆಲಸ ಮುಗಿಸಬಹುದು. ಮೆನು ಎಲ್ಲಾ ಮೊಬೈಲಲ್ಲೇ ಸಿಗುತ್ತದೆ. ಪಿಜ್ಜಾ ಪಾಸ್ತಾ ಜೊತೆಗೆ ನಾಚೋಸ್, ಹಕ್ಕಾ ನೂಡಲ್ಸ್, ಪನೀರ್ ಟಿಕ್ಕಾ ಕೂಡ ಇದ್ದರೆ ಅದನ್ನು ಬಿಟ್ಟುಬಿಡಿ. ಅದು ಕೆಟ್ಟ ಹೋಟೆಲ್ ಅಂತಲ್ಲ, ಇಟಾಲಿಯನ್ ಹೋಟೆಲ್ ಅಲ್ಲ ಅಂತ. ಇನ್ನೊಂದು ಗುರುತು ಇದೆ, ನಿಮ್ಮ ವಿದ್ಯಾನಗರದ ಕೆಫೆಗಳಲ್ಲೂ ನೋಡಿರುತ್ತೀರಿ. 'ನಿಮ್ಮ ಪಾಸ್ತಾ ಆರಿಸಿ, ನಿಮ್ಮ ಸಾಸ್ ಆರಿಸಿ', ಕೆಂಪು, ಬಿಳಿ, ಗುಲಾಬಿ. ಅಂದರೆ ಒಳಗೆ ಮೂರು ಡಬ್ಬಿ ಸಾಸ್ ಮೊದಲೇ ತಯಾರಿದೆ, ಬೇಯಿಸಿಟ್ಟ ಪಾಸ್ತಾ ಇದೆ, ಆರ್ಡರ್ ಬಂದಾಗ ಕಲಸಿ ಬಿಸಿ ಮಾಡಿ ಕೊಡುತ್ತಾರೆ ಅಂತ ಅರ್ಥ. ಇಟಲಿಯಲ್ಲಿ ಯಾವ ಆಕಾರದ ಪಾಸ್ತಾಕ್ಕೆ ಯಾವ ಸಾಸ್ ಅನ್ನೋದು ಆಯಾ ಊರಿನವರ ಹಟ. ಬೊಲೋನ್ಯಾದವರು ತಮ್ಮ ಮಾಂಸದ ಸಾಸಿಗೆ ಅಗಲ ಎಳೆಯ ತಾಲ್ಯಾತೆಲ್ಲೆ ಬಳಸುತ್ತಾರೆ, ಸ್ಪಗೆಟ್ಟಿ ಅಂದರೆ ಮುಖ ಸಿಂಡರಿಸುತ್ತಾರೆ. ಮೆನುವಲ್ಲಿ ಎಂಟ್ಹತ್ತು ಪಾಸ್ತಾ ಇದ್ದು, ಪ್ರತಿಯೊಂದಕ್ಕೂ ಆಕಾರ ಇಂಥದ್ದೇ ಅಂತ ಬರೆದಿದ್ದರೆ ಒಳಗೆ ಯಾರೋ ಯೋಚನೆ ಮಾಡಿದ್ದಾರೆ ಅಂತ ಲೆಕ್ಕ. ಹಾಗಂತ ಗುಲಾಬಿ ಸಾಸ್ ಇಷ್ಟಪಡುವವರನ್ನು ನಾನು ಬೈಯುವುದಿಲ್ಲ, ನನ್ನ ಮನೆಯಲ್ಲೂ ಅಂಥವರಿದ್ದಾರೆ. ಅದಕ್ಕೆ ಆರುನೂರು ರೂಪಾಯಿ ಕೊಡೋದು ಬೇಡ, ಅಷ್ಟೇ.

ಪಿಜ್ಜಾ ವಿಷಯ. ಬೋರ್ಡಿನ ಮೇಲೆ 'ಕಟ್ಟಿಗೆ ಒಲೆಯ ಪಿಜ್ಜಾ' ಅಂತ ಬರೆದಿದ್ದಕ್ಕೆ ಮರುಳಾಗಬೇಡಿ. ಕಟ್ಟಿಗೆಗಿಂತ ಮುಖ್ಯ ಬಿಸಿ. ಇಟಲಿಯ ನೇಪಲ್ಸ್ ಊರಿನ ಪಿಜ್ಜಾ 430ರಿಂದ 480 ಡಿಗ್ರಿ ಬಿಸಿಯಲ್ಲಿ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ನಮ್ಮ ಮನೆಯ ಓವನ್ 250 ಮುಟ್ಟಿದರೆ ಜಾಸ್ತಿ. 1984ರಲ್ಲಿ ಅಲ್ಲಿನ ಪಿಜ್ಜಾ ಮಾಡುವವರು ಸಂಘ ಕಟ್ಟಿಕೊಂಡು ಇದಕ್ಕೆಲ್ಲ ನಿಯಮ ಬರೆದರು, 2017ರಲ್ಲಿ ಯುನೆಸ್ಕೋ ಅವರ ಕಸುಬನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಂಘವೇ ಈಗ ಕೆಲವು ಗ್ಯಾಸ್ ಒಲೆ, ಕರೆಂಟ್ ಒಲೆಗಳನ್ನು ಒಪ್ಪಿಕೊಂಡಿದೆ. ಆದ್ದರಿಂದ ಹೊಗೆಯ ಕಥೆ ಬಿಟ್ಟು ಹಿಟ್ಟಿನ ಕಥೆ ಕೇಳಿ. ಎಷ್ಟು ಹೊತ್ತು ಹುದುಗು ಬರಿಸುತ್ತೀರಿ ಅಂತ ಕೇಳಿದರೆ ಒಳ್ಳೆಯ ಕಡೆ 'ಇಪ್ಪತ್ತನಾಲ್ಕು ಗಂಟೆ', 'ಎರಡು ದಿನ' ಅಂತ ತಟ್ಟನೆ ಹೇಳುತ್ತಾರೆ, ಹೇಳೋಕೆ ಅವರಿಗೂ ಖುಷಿ. ಗೊತ್ತಿಲ್ಲ ಸರ್ ಅಂದರೆ ಬೇಸ್ ಹೊರಗಿಂದ ಬರುತ್ತಿರಬಹುದು. ಪಿಜ್ಜಾ ಬಂದ ಮೇಲೆ ಮೊದಲು ಮೇಲೆ ನೋಡಬೇಡಿ, ಒಂದು ತುಂಡು ಎತ್ತಿ ಕೆಳಗೆ ನೋಡಿ. ಅಲ್ಲಲ್ಲಿ ಕಂದು ಕಪ್ಪು ಚುಕ್ಕೆ ಬಿದ್ದು ಮಿಕ್ಕಿದ್ದು ಗೋಧಿ ಬಣ್ಣ ಇರಬೇಕು. ಪೂರ್ತಿ ಬಿಳಿಚಿಕೊಂಡಿದ್ದರೆ ಒಲೆ ಸಾಕಷ್ಟು ಕಾದಿರಲಿಲ್ಲ. ಅಂಚು ಉಬ್ಬಿ ಒಳಗೆ ಪೊಳ್ಳಾಗಿರಬೇಕು, ಒತ್ತಿದರೆ ಮತ್ತೆ ಮೇಲೇಳಬೇಕು. ನಡುವೆ ಮೆತ್ತಗಿದ್ದು ತುದಿ ಬಾಗಿದರೆ ಅದು ದೋಷ ಅಲ್ಲ, ನೇಪಲ್ಸ್ ಪಿಜ್ಜಾ ಇರುವುದೇ ಹಾಗೆ, ಅವರು ಚಾಕು ಫೋರ್ಕಿನಲ್ಲಿ ತಿನ್ನುತ್ತಾರೆ. ಗರಿಗರಿ ಬೇಕು ಅಂದರೆ ರೋಮ್ ಶೈಲಿಯ ತೆಳು ಪಿಜ್ಜಾ ಮಾಡುವ ಕಡೆ ಹೋಗಿ. ಮಾವನಿಗೆ ಹಲ್ಲಿನ ತೊಂದರೆ ಇದ್ದರೆ ಇದನ್ನು ಮೊದಲೇ ಯೋಚಿಸಿ, ನೇಪಲ್ಸಿನದನ್ನು ಜಗಿಯಬೇಕು.

ಮೇಲೆ ಏನೇನು ಹಾಕಿರಬೇಕು? ಕಮ್ಮಿ. ಮೊದಲ ಸಲ ಹೋದ ಕಡೆ ಬರೀ ಟೊಮೆಟೊ, ಚೀಸ್, ಸ್ವಲ್ಪ ಸೊಪ್ಪು ಇರುವ ಮಾರ್ಗರೀಟಾ ಒಂದನ್ನೇ ಹೇಳಿ. ಅಣಬೆ, ಆಲಿವ್, ಜೋಳದ ಕಾಳು, ಪನೀರ್ ಎಲ್ಲಾ ಸುರಿದರೆ ಹಿಟ್ಟು ಹೇಗಿದೆ ಅಂತ ಗೊತ್ತೇ ಆಗುವುದಿಲ್ಲ, ದುಡ್ಡು ಮಾತ್ರ ಇನ್ನೂರು ಜಾಸ್ತಿ.

ಈಗ ಪಾಸ್ತಾ. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ. 'ತಾಜಾ ಪಾಸ್ತಾ' ಅಂದರೆ ಮೇಲು, ಪ್ಯಾಕೆಟಿನ ಒಣ ಪಾಸ್ತಾ ಅಂದರೆ ಕೀಳು ಅಂತ ಬೆಂಗಳೂರಲ್ಲಿ ಒಂದು ನಂಬಿಕೆ ಹಬ್ಬಿದೆ. ಹಾಗೇನೂ ಇಲ್ಲ. ಅವು ಎರಡು ಬೇರೆ ಬೇರೆ ಪದಾರ್ಥ. ತಾಜಾ ಅನ್ನೋದು ಹೆಚ್ಚಾಗಿ ಮೈದಾದಂಥ ನುಣುಪು ಹಿಟ್ಟು ಮತ್ತು ಮೊಟ್ಟೆಯದ್ದು, ಬೆಣ್ಣೆ ಕೆನೆ ಮಾಂಸದ ಸಾಸಿಗೆ ಚೆನ್ನ. ಒಣ ಪಾಸ್ತಾ ಡ್ಯೂರಂ ಗೋಧಿಯ ರವೆ ಮತ್ತು ನೀರಿನದ್ದು, ಎಣ್ಣೆ ಟೊಮೆಟೊ ಬೆಳ್ಳುಳ್ಳಿಗೆ ಚೆನ್ನ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಂನಿಂದಲೇ ಮಾಡಬೇಕು ಅಂತ 1967ರಲ್ಲೇ ಕಾನೂನು ಬಂತು. ನಮ್ಮ ಕಡೆಯವರಿಗೆ ಈ ಗೋಧಿ ಹೊಸದೇನಲ್ಲ. ಉಪ್ಪಿಟ್ಟಿಗೆ ತರುವ ಹಳದಿ ಛಾಯೆಯ ಬನ್ಸಿ ರವೆ ಇದೇ ಜಾತಿಯದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡ್ಯೂರಂ ಮೇಲೂ ಕೆಲಸ ಮಾಡಿದೆ, ಜವೆ ಗೋಧಿ ಮೇಲೂ ಮಾಡಿದೆ, ಜವೆಯ ಡಿಡಿಕೆ-1029 ತಳಿ ಅಲ್ಲಿಂದಲೇ ಬಂದದ್ದು. ಬೆಂಗಳೂರಿನ ಮೆನುವಲ್ಲಿ 'ಫಾರೊ ಸಲಾಡ್' ಅಂತ ಐನೂರು ಚಿಲ್ಲರೆ ರೂಪಾಯಿಗೆ ಕಂಡರೆ ಅತ್ತೆಗೆ ತೋರಿಸಿ. ಫಾರೊ ಅಂದರೆ ಹೆಚ್ಚಾಗಿ ನಮ್ಮ ಜವೆ ಗೋಧಿಯೇ, ಹುಗ್ಗಿ ಮಾಡೋಕೆ ಸವದತ್ತಿ ಕಡೆಯಿಂದ ತರಿಸಿಕೊಳ್ಳುತ್ತೀವಲ್ಲ, ಅದೇ.

ಪಾಸ್ತಾ ಚೆನ್ನಾಗಿ ಮಾಡುತ್ತಾರಾ ಅಂತ ನೋಡೋಕೆ ಮೆನುವಿನ ಅತಿ ಅಗ್ಗದ ತಿನಿಸನ್ನೇ ಹೇಳಿ: ಸ್ಪಗೆಟ್ಟಿ ಆಲ್ಯೋ ಎ ಓಲ್ಯೋ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣ ಮೆಣಸಿನಕಾಯಿ, ಉಪ್ಪು, ಸ್ವಲ್ಪ ಸೊಪ್ಪು. ತಟ್ಟೆ ಬಂದಾಗ ಬೆಳ್ಳುಳ್ಳಿಯ ಬಣ್ಣ ನೋಡಿ. ತೆಳ್ಳಗೆ ಹೆಚ್ಚಿದ ಬಿಲ್ಲೆಗಳು ತಿಳಿ ಹೊಂಬಣ್ಣ ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಎಣ್ಣೆ ಜಾಸ್ತಿ ಕಾದಿದೆ, ಇಡೀ ತಟ್ಟೆ ಕಹಿ ಹೊಡೆಯುತ್ತದೆ. ಆಮೇಲೆ ಎಳೆಗಳನ್ನು ಒಂದು ಪಕ್ಕಕ್ಕೆ ಸರಿಸಿ ತಟ್ಟೆಯ ತಳ ನೋಡಿ. ಅಲ್ಲಿ ಎಣ್ಣೆ ಮಡುಗಟ್ಟಿ ನಿಂತಿದ್ದರೆ, ಬೇಯಿಸಿಟ್ಟ ಪಾಸ್ತಾವನ್ನು ಬಾಣಲೆಗೆ ಹಾಕಿ ಎಣ್ಣೆಯಲ್ಲಿ ಹೊರಳಿಸಿ ಕೊಟ್ಟಿದ್ದಾರೆ. ಸರಿಯಾಗಿ ಮಾಡುವವರು ಪಾಸ್ತಾ ಬೆಂದ ನೀರನ್ನೇ ಒಂದು ಸೌಟು ಬಾಣಲೆಗೆ ಹಾಕಿ ಜೋರಾಗಿ ಅಲ್ಲಾಡಿಸುತ್ತಾರೆ. ಆ ನೀರಿನ ಗಂಜಿ ಎಣ್ಣೆ ಜೊತೆ ಬೆರೆತು ಸ್ವಲ್ಪ ಮಂದನೆಯ ರಸ ಆಗಿ ಪ್ರತಿ ಎಳೆಗೂ ಅಂಟಿಕೊಳ್ಳುತ್ತದೆ, ತಿಂದು ಮುಗಿಸಿದ ಮೇಲೆ ತಟ್ಟೆಯಲ್ಲಿ ಬರೀ ಹೊಳಪು ಉಳಿಯುತ್ತದೆ. ಒಂದು ಎಳೆ ಕಚ್ಚಿ ನೋಡಿ, ನಡುವೆ ಸ್ವಲ್ಪ ಗಟ್ಟಿತನ ಇರಬೇಕು. ಅದನ್ನು ಅರೆಬೆಂದದ್ದು ಅಂತ ವಾಪಸ್ ಕಳಿಸಬೇಡಿ, ಬೇಕಂತಲೇ ಹಾಗೆ ಬಿಡುತ್ತಾರೆ. ಇದರಲ್ಲಿ ಬೇಬಿ ಕಾರ್ನ್, ಬ್ರೊಕೊಲಿ, ದೊಣ್ಣೆಮೆಣಸಿನಕಾಯಿ ಕಂಡರೆ ಏನು ಹೇಳಲಿ, ಮುಂದಿನ ಸಲ ಬೇರೆ ಕಡೆ ಹೋಗಿ.

ಗಡಿಯಾರವನ್ನೂ ಒಮ್ಮೆ ನೋಡಿ. ಒಣ ಸ್ಪಗೆಟ್ಟಿ ಬೇಯೋಕೆ ಹತ್ತು ನಿಮಿಷದ ಆಸುಪಾಸು ಬೇಕು. ಆರ್ಡರ್ ಕೊಟ್ಟ ನಾಲ್ಕು ನಿಮಿಷಕ್ಕೆ ತಟ್ಟೆ ಬಂತು ಅಂದರೆ ಅದು ಬೆಳಿಗ್ಗೆ ಬೆಂದದ್ದು. ಅಕ್ಕಿಯಿಂದ ಮಾಡುವ ರಿಸೊತ್ತೊ ಆದರೆ ಹದಿನೆಂಟು ಇಪ್ಪತ್ತು ನಿಮಿಷ. 'ಇದಕ್ಕೆ ಇಪ್ಪತ್ತು ನಿಮಿಷ ಆಗುತ್ತದೆ, ಪರವಾಗಿಲ್ವಾ?' ಅಂತ ಬಡಿಸುವವನು ತಾನಾಗಿ ಕೇಳಿದರೆ ಒಳ್ಳೆಯ ಲಕ್ಷಣ. ಎಷ್ಟೋ ಒಳ್ಳೆಯ ಕಡೆ ಅಕ್ಕಿಯನ್ನು ಅರ್ಧ ಬೇಯಿಸಿಟ್ಟುಕೊಂಡು ಆರ್ಡರ್ ಬಂದ ಮೇಲೆ ಮುಗಿಸುತ್ತಾರೆ, ಅದು ಮೋಸ ಅಲ್ಲ, ರಶ್ ಇದ್ದಾಗ ಬೇರೆ ದಾರಿ ಇಲ್ಲ.

ಅತ್ತೆಯವರ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಹುಷಾರು ಬೇಕು. ಮೆನುವಲ್ಲಿ ಹಸಿರು ಚುಕ್ಕೆ ಇದೆ ಅಂದ ಮಾತ್ರಕ್ಕೆ ಕೇಳದೆ ಬಿಡಬೇಡಿ. ತಾಜಾ ಪಾಸ್ತಾದಲ್ಲಿ, ಲಸಾನ್ಯದ ಹಾಳೆಯಲ್ಲಿ, ರವಿಯೋಲಿಯಲ್ಲಿ ಹೆಚ್ಚಾಗಿ ಮೊಟ್ಟೆ ಇರುತ್ತದೆ. ಆಲೂಗಡ್ಡೆಯ ನ್ಯೋಕ್ಕಿಯಲ್ಲೂ ಇರಬಹುದು. ಪ್ಯಾಕೆಟಿನ ಒಣ ಸ್ಪಗೆಟ್ಟಿ, ಪೆನ್ನೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಅತ್ತೆಗೆ ಒಣ ಪಾಸ್ತಾವೇ ಸರಿ. ಇದು ಕೇಳಿದರೆ ತಿಳಿಯುವಂಥದ್ದು. ಕೇಳದಿದ್ದರೆ ತಿಳಿಯದೇ ಹೋಗುವುದು ಚೀಸ್. ಅಸಲಿ ಪಾರ್ಮಿಜಾನೋ ರೆಜ್ಜಾನೋ, ಅಂದರೆ ಅಸಲಿ ಪಾರ್ಮೆಸಾನ್ ಚೀಸಿನ ಹಾಲು ಒಡೆಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಅವರ ನಿಯಮವೇ ಹಾಗಿದೆ. ಗ್ರಾನಾ ಪದಾನೋ ಚೀಸಿಗೂ ಪ್ರಾಣಿಯ ರೆನೆಟ್ಟೇ, ಪೆಕೊರೀನೊ ರೊಮಾನೊಗೆ ಕುರಿಮರಿಯದ್ದು. ನಮ್ಮ ದೇಶದಲ್ಲಿ ತಯಾರಾಗಿ ಹಸಿರು ಚುಕ್ಕೆ ಹಾಕಿಕೊಂಡು ಬರುವ ಚೀಸಿಗೆ ಈ ತೊಂದರೆ ಇಲ್ಲ, ಅದಕ್ಕೆ ಬೇರೆ ರೆನೆಟ್ ಬಳಸುತ್ತಾರೆ. ತಮಾಷೆ ಏನಪ್ಪಾ ಅಂದರೆ, ಹೋಟೆಲ್ ದುಬಾರಿ ಆದಷ್ಟೂ ಅತ್ತೆಗೆ ಅಪಾಯ ಜಾಸ್ತಿ, ಯಾಕೆಂದರೆ ಅಸಲಿ ಇಟಾಲಿಯನ್ ಚೀಸ್ ತರಿಸುವುದು ಅವರೇ. ಸಾಧಾರಣ ಬೆಲೆಯ ಹೋಟೆಲ್ ದೇಶಿ ಚೀಸಿನಲ್ಲೇ ಕೆಲಸ ಮುಗಿಸುತ್ತದೆ. ಪೆಸ್ತೊ ಒಳಗೂ ಈ ಚೀಸ್ ಸೇರಿರುತ್ತದೆ, ಬರೀ ತುಳಸಿ ಜಾತಿಯ ಸೊಪ್ಪಿನ ಚಟ್ನಿ ಅಂತ ತಿಳಿಯಬೇಡಿ.

ಇನ್ನೂ ಮೂರು ಕಡೆ ಎಡವುತ್ತಾರೆ. ಸೂಪು ಮತ್ತು ರಿಸೊತ್ತೊಗೆ ಹಾಕುವ ಸ್ಟಾಕ್, ಅಂದರೆ ಕುದಿಸಿ ತೆಗೆದ ರಸ, ಕೋಳಿಯದ್ದಾ ತರಕಾರಿಯದ್ದಾ ಕೇಳಿ. ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಚೊವಿ ಅನ್ನುವ ಸಣ್ಣ ಮೀನು, ಜೊತೆಗೆ ಹಸಿ ಮೊಟ್ಟೆ ಇರುತ್ತದೆ, ಎರಡೂ ಇಲ್ಲದೆ ಮಾಡುವವರೂ ಇದ್ದಾರೆ. ಕೊನೆಗೆ ಸಿಹಿ. ತಿರಮಿಸುನಲ್ಲಿ ಮೊಟ್ಟೆಯ ಹಳದಿ, ಬಿಸ್ಕತ್ತಿನಲ್ಲೂ ಮೊಟ್ಟೆ, ಕೆಲವು ಕಡೆ ವೈನೂ ಉಂಟು. ಹಾಲಿನ ಕೆನೆಯದ್ದೇ ಆದ ಪನ್ನಾ ಕೋತ್ತಾ ನೋಡೋಕೆ ಪರಮ ಸಾತ್ವಿಕ, ಆದರೆ ಅದನ್ನು ಗಟ್ಟಿ ಮಾಡುವುದು ಜೆಲಾಟಿನ್, ಪ್ರಾಣಿಯ ಮೂಳೆ ಚರ್ಮದಿಂದ ಬರುವಂಥದ್ದು. ಅದರ ಬದಲು ಕಡಲಪಾಚಿಯಿಂದ ಬರುವ ಅಗರ್ ಹಾಕಿ ಮಾಡಿದ್ದಾ ಅಂತ ಕೇಳಿ. ಹೆಚ್ಚು ತಲೆನೋವು ಬೇಡ ಅಂದರೆ ಲಿಂಬೆ ರಸದ ಐಸ್‌ನಂಥ ಸೊರ್ಬೆ ತಗೊಳ್ಳಿ, ಅದರಲ್ಲಿ ಸಾಮಾನ್ಯವಾಗಿ ಹಾಲೂ ಇರುವುದಿಲ್ಲ, ಮೊಟ್ಟೆಯ ಬಿಳಿ ಹಾಕಿಲ್ಲ ತಾನೇ ಅಂತ ಮಾತ್ರ ಕೇಳಿಕೊಳ್ಳಿ. ಒಟ್ಟಿನಲ್ಲಿ ಅತ್ತೆಗೆ ಬ್ರುಸ್ಕೆತ್ತಾ (ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ), ಮಾರ್ಗರೀಟಾ, ಪೆನ್ನೆ ಅರಬ್ಬಿಯಾತಾ (ಖಾರದ ಟೊಮೆಟೊ ಸಾಸಿನ ಪಾಸ್ತಾ), ಮೂರರ ಮೇಲೂ ಪಾರ್ಮೆಸಾನ್ ತುರಿಯಬೇಡಿ ಅಂತ ಹೇಳಿ. ಹೊಟ್ಟೆ ತುಂಬುತ್ತದೆ, ಮನಸ್ಸಿಗೂ ಕಿರಿಕಿರಿ ಇಲ್ಲ.

ಖಾರದ ಬಗ್ಗೆ ಒಂದು ಮಾತು. ಗದಗಿನ ನಾಲಿಗೆಗೆ ಇದೆಲ್ಲ ಸಪ್ಪೆ ಅನ್ನಿಸುತ್ತದೆ, ಅದು ಗ್ಯಾರಂಟಿ. ಆರೆಗಾನೊ ಪೊಟ್ಟಣ, ಟೊಮೆಟೊ ಕೆಚಪ್ ಕೇಳುವ ಬದಲು ಮೆಣಸಿನಕಾಯಿ ಎಣ್ಣೆ ಕೇಳಿ. ಒಳ್ಳೆಯ ಪಿಜ್ಜಾ ಅಂಗಡಿಯಲ್ಲಿ ಅದನ್ನು ತಾವೇ ಮಾಡಿಟ್ಟಿರುತ್ತಾರೆ. ಇಟಲಿಯ ದಕ್ಷಿಣದ ಕಲಾಬ್ರಿಯಾದವರು ಖಾರಕ್ಕೆ ಹೆಸರಾದವರು, ಅವರ ಮೆಣಸಿನಕಾಯಿ ನಮ್ಮ ಬ್ಯಾಡಗಿಗಿಂತ ಖಾರ. ಬ್ಯಾಡಗಿ ಬಣ್ಣಕ್ಕೆ ರಾಜ, ಖಾರದಲ್ಲಿ ಸೌಮ್ಯ ಅಲ್ವಾ. ಚೀಲದಲ್ಲಿ ಶೇಂಗಾ ಚಟ್ನಿ ಪುಡಿ ಒಯ್ಯಬೇಡಿ ಅಂತ ನಾನು ಹೇಳಿದರೂ ಮಾವ ಒಯ್ಯುತ್ತಾರೆ, ಒಯ್ಯಲಿ ಬಿಡಿ.

ಈಗ ದುಡ್ಡು. ಬೆಂಗಳೂರಲ್ಲಿ ಸ್ವಂತ ಹಿಟ್ಟು ನಾದಿ ಮಾಡುವ ಸಾಧಾರಣ ಪಿಜ್ಜಾ ಅಂಗಡಿಯಲ್ಲಿ ಒಂದು ಮಾರ್ಗರೀಟಾ ಸುಮಾರು ನಾಲ್ಕುನೂರರಿಂದ ಆರುನೂರೈವತ್ತು ರೂಪಾಯಿ, ಪಾಸ್ತಾವೂ ಹೆಚ್ಚುಕಮ್ಮಿ ಅಷ್ಟೇ. ಎಂಟುನೂರು ದಾಟಿದರೆ ನೀವು ಊಟದ ಜೊತೆಗೆ ಬಾಡಿಗೆಗೂ ಕೊಡುತ್ತಿದ್ದೀರಿ. ಇಂದಿರಾನಗರದ ಹನ್ನೆರಡನೇ ಮೇನ್, ಲ್ಯಾವೆಲ್ ರೋಡ್, ದೊಡ್ಡ ಮಾಲ್‌ಗಳಲ್ಲಿ ಜಾಗದ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ, ಅದನ್ನು ಯಾರಾದರೂ ಕಟ್ಟಬೇಕಲ್ಲ. ಅದೇ ಇಂದಿರಾನಗರದ ಅಡ್ಡರಸ್ತೆಯಲ್ಲಿ, ಜಯನಗರ, ಸದಾಶಿವನಗರದ ಒಳಗೆ, ಮೊದಲ ಮಹಡಿಯಲ್ಲಿ, ಹತ್ತು ಮೇಜಿನ ಜಾಗ ಹುಡುಕಿ. ಮಗಳು ಅಲ್ಲೇ ಇರುವುದರಿಂದ ಅವಳ ಆಫೀಸಿನವರನ್ನು ಕೇಳಲಿ, ಆದರೆ 'ಚೆನ್ನಾಗಿದೆಯಾ' ಅಂತ ಅಲ್ಲ, 'ನೀವು ಸ್ವಂತ ದುಡ್ಡಲ್ಲಿ ಎರಡನೇ ಸಲ ಎಲ್ಲಿಗೆ ಹೋದಿರಿ' ಅಂತ.

ಆರು ಜನರ ಲೆಕ್ಕ ಹಾಕಿ ತೋರಿಸುತ್ತೇನೆ. ಮೂರು ಪಿಜ್ಜಾ 550ರಂತೆ 1,650. ಎರಡು ಪಾಸ್ತಾ 500ರಂತೆ 1,000. ಬ್ರುಸ್ಕೆತ್ತಾ ಒಂದು 400. ಸಿಹಿ ಎರಡು, 350ರಂತೆ 700. ಲಿಂಬೆ ಸೋಡಾ ಆರು, 150ರಂತೆ 900. ಒಟ್ಟು 4,650, ಐದು ಪರ್ಸೆಂಟ್ ಜಿಎಸ್‌ಟಿ ಸೇರಿ 4,882.50. ನಿಮ್ಮ ಐದು ಸಾವಿರದೊಳಗೆ ಬಂತು. ಇಲ್ಲಿ ಗಮನಿಸಿ, ಲಿಂಬೆ ಸೋಡಾಗೇ 900 ಹೋಯಿತು, ಅಂದರೆ ಒಂದೂವರೆ ಪಿಜ್ಜಾಗಿಂತ ಜಾಸ್ತಿ. ಇಬ್ಬರಿಗೊಂದು ಹೇಳಿ ಸಾದಾ ನೀರು ಕೇಳಿದರೆ ಆ ದುಡ್ಡಲ್ಲಿ ಇನ್ನೊಂದು ಸಿಹಿ ಬರುತ್ತದೆ. ಕೂತ ತಕ್ಷಣ 'ಸ್ಟಿಲ್ ವಾಟರ್ ಆರ್ ಸ್ಪಾರ್ಕ್ಲಿಂಗ್' ಅಂತ ಕೇಳುತ್ತಾರೆ, ಎರಡಕ್ಕೂ ಕಾಸು. 'ರೆಗ್ಯುಲರ್ ವಾಟರ್' ಅನ್ನಿ, ನಾಚಿಕೆ ಏನಿಲ್ಲ. ಆರು ಜನರಿಗೆ ಆರು ಪಿಜ್ಜಾ ಬೇಡ. ಎಲ್ಲವನ್ನೂ ನಡುವೆ ಇಟ್ಟು ಹಂಚಿಕೊಳ್ಳಿ, ಸಾಲದಿದ್ದರೆ ಆಮೇಲೆ ಒಂದು ಹೇಳಿದರಾಯಿತು.

ಬಿಲ್ಲಿನಲ್ಲಿ ಎರಡು ಸಾಲು ನೋಡಿ. ಸಾಮಾನ್ಯ ರೆಸ್ಟೊರೆಂಟಿಗೆ ಜಿಎಸ್‌ಟಿ ಐದು ಪರ್ಸೆಂಟ್. ರೂಮಿನ ಬಾಡಿಗೆ ದಿನಕ್ಕೆ 7,500 ದಾಟುವ ದೊಡ್ಡ ಹೋಟೆಲಿನ ಒಳಗೆ ಅದೇ ಊಟಕ್ಕೆ ಹದಿನೆಂಟು, ಅಂದರೆ ಮೇಲಿನ ಲೆಕ್ಕ 5,487ಕ್ಕೆ ಹೋಗುತ್ತದೆ. ಇನ್ನೊಂದು ಸರ್ವಿಸ್ ಚಾರ್ಜ್. ಇದು ಸರ್ಕಾರಕ್ಕೆ ಹೋಗುವ ತೆರಿಗೆ ಅಲ್ಲ. ಇದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಹಾಗಿದ್ದರೂ ಹತ್ತು ಪರ್ಸೆಂಟ್ ಹಾಕುವವರಿದ್ದಾರೆ. ತೆಗೆಯಿರಿ ಅಂತ ಮೆಲ್ಲಗೆ ಹೇಳಿದರೆ ತೆಗೆಯುತ್ತಾರೆ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡುತ್ತೇನೆ ಅನ್ನಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಡಿಸಿದ ಹುಡುಗ ಚೆನ್ನಾಗಿ ನೋಡಿಕೊಂಡಿದ್ದರೆ ಅವನ ಕೈಗೇ ಟಿಪ್ಸ್ ಕೊಡಿ.

ಬೆಲೆ ಏರಿಸುವ ಕೆಲವು ಹೆಸರುಗಳಿವೆ. ಟ್ರಫಲ್ ಅಂದರೆ ನೆಲದೊಳಗೆ ಬೆಳೆಯುವ ದುಬಾರಿ ಅಣಬೆ, ಟ್ರಫಲ್ ಎಣ್ಣೆ ಅಂತ ಕಂಡರೆ ಮುಂದಕ್ಕೆ ಹೋಗಿ. ಹೆಚ್ಚಿನ ಟ್ರಫಲ್ ಎಣ್ಣೆಯಲ್ಲಿ ಟ್ರಫಲ್ ಇರುವುದೇ ಇಲ್ಲ, ಲ್ಯಾಬಿನಲ್ಲಿ ತಯಾರಾದ ವಾಸನೆ ಇರುತ್ತದೆ, ನಾಲ್ಕು ಹನಿ ಬಿಟ್ಟು ಇನ್ನೂರು ಮುನ್ನೂರು ಏರಿಸುತ್ತಾರೆ. ಬುರಾತಾ ಬೇರೆ ಮಾತು. ಅದು ಒಳಗೆ ಕೆನೆ ತುಂಬಿದ ತಾಜಾ ಚೀಸ್, ಈಗ ಇಲ್ಲೇ ತಯಾರಾಗುತ್ತದೆ. ಬೆಂಗಳೂರಲ್ಲಿ ವಲ್ಲೊಂಬ್ರೋಸಾ ಪಂಥದ ಕ್ರೈಸ್ತ ಸನ್ಯಾಸಿಗಳು ಇಟಾಲಿಯನ್ ಬಗೆಯ ಚೀಸ್ ಮಾಡಿ ಮಾರುತ್ತಾರೆ. ಇಂಥ ಚೀಸ್ ತಾಜಾ ಇದ್ದಷ್ಟೂ ರುಚಿ, ಹಾಗಾಗಿ ವಿಮಾನದಲ್ಲಿ ಬಂದದ್ದು ಅನ್ನೋದು ಹೆಚ್ಚುಗಾರಿಕೆ ಅಲ್ಲ. ದುಡ್ಡು ಉಳಿದಿದ್ದರೆ ಒಂದು ಬುರಾತಾ ತರಿಸಿ ಆರು ಜನ ಹಂಚಿಕೊಳ್ಳಿ.

ಸ್ಟಾರ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಐದು ಸ್ಟಾರ್ ಕೊಟ್ಟರೆ ಒಂದು ಸಿಹಿ ಫ್ರೀ ಅಂತ ಮೇಜಿಗೇ ಬಂದು ಕೇಳುವ ಕಾಲ ಇದು, ಹಾಗಾಗಿ ಸರಾಸರಿ ಸ್ಟಾರ್ ನೋಡಿ ಏನೂ ತಿಳಿಯುವುದಿಲ್ಲ. ಮೂರು ಸ್ಟಾರ್ ಕೊಟ್ಟವರನ್ನು ಓದಿ, ಅವರು ಚೆನ್ನಾಗಿದ್ದದ್ದನ್ನೂ ಹೇಳುತ್ತಾರೆ, ಕೆಟ್ಟದ್ದನ್ನೂ ಹೇಳುತ್ತಾರೆ. ಕಳೆದ ಎರಡು ಮೂರು ತಿಂಗಳದ್ದು ಮಾತ್ರ ನೋಡಿ. ಹೋಟೆಲಿನವರು ಹಾಕಿದ ಫೋಟೋ ಬಿಡಿ, ಗಿರಾಕಿಗಳು ಅರ್ಧ ತಿಂದು ತೆಗೆದ ಫೋಟೋ ಹುಡುಕಿ. ಅದರಲ್ಲಿ ಪಿಜ್ಜಾದ ಅಂಚಿನ ಒಳಭಾಗ ಕಾಣುತ್ತದೆ. ಹತ್ತು ಜನ ಬೇರೆ ಬೇರೆ ದಿನ ತೆಗೆದ ಮಾರ್ಗರೀಟಾ ಒಂದೇ ಥರ ಇದ್ದರೆ ಆ ಅಡುಗೆಮನೆಯಲ್ಲಿ ಶಿಸ್ತಿದೆ. ಎಲ್ಲರ ಫೋಟೋದಲ್ಲೂ ಬರೀ ಹೂವಿನ ಗೋಡೆ, ನಿಯಾನ್ ಅಕ್ಷರ, ಉಯ್ಯಾಲೆ ಕಂಡರೆ ಅಲ್ಲಿ ಫೋಟೋಗೆ ಹೋಗುತ್ತಾರೆ, ಊಟಕ್ಕಲ್ಲ.

ಎರಡು ಮೂರು ಹೆಸರು ಉಳಿದ ಮೇಲೆ ಫೋನ್ ಮಾಡಿ. ಮಧ್ಯಾಹ್ನ ನಾಲ್ಕು ಗಂಟೆ ಒಳ್ಳೆಯ ಹೊತ್ತು, ಅಡುಗೆಮನೆಯಲ್ಲಿ ರಶ್ ಇರುವುದಿಲ್ಲ. ಪಾಸ್ತಾದಲ್ಲಿ ಮೊಟ್ಟೆ ಇದೆಯಾ, ಪಾರ್ಮೆಸಾನ್ ಯಾವುದು, ಸರ್ವಿಸ್ ಚಾರ್ಜ್ ಹಾಕುತ್ತೀರಾ, ಈ ಮೂರು ಕೇಳಿ. ಉತ್ತರ ಏನು ಬಂತು ಅನ್ನೋದಕ್ಕಿಂತ ಹೇಗೆ ಬಂತು ಅನ್ನೋದು ನೋಡಿ. 'ಒಂದು ನಿಮಿಷ ಇರಿ ಮೇಡಂ, ಶೆಫ್ ಕೇಳಿ ಹೇಳುತ್ತೇನೆ' ಅಂದರೆ ಆ ಜಾಗಕ್ಕೆ ಧೈರ್ಯವಾಗಿ ಹೋಗಿ. 'ಎಲ್ಲಾ ಪ್ಯೂರ್ ವೆಜ್ ಮೇಡಂ, ಬನ್ನಿ ಬನ್ನಿ' ಅಂದವರನ್ನು ಬಿಡಿ, ಅದರಲ್ಲೂ ಅವರ ಮೆನುವಲ್ಲಿ ಚಿಕನ್ ಇದ್ದರೆ.

ಯಾವ ಹೊತ್ತಿಗೆ ಹೋಗುವುದು ಅಂದರೆ, ಮಧ್ಯಾಹ್ನ ಹೊರಡುವ ವಂದೇ ಭಾರತ್‌ನಲ್ಲಿ ಬರುವುದಾದರೆ ಇಳಿದ ರಾತ್ರಿಯೇ ಇದನ್ನು ಇಟ್ಟುಕೊಳ್ಳಬೇಡಿ. ಬೆಂಗಳೂರು ಮುಟ್ಟುವಾಗಲೇ ರಾತ್ರಿ ಆಗಿರುತ್ತದೆ, ಟ್ರಾಫಿಕ್ ದಾಟಿ ಕೂರುವಷ್ಟರಲ್ಲಿ ಹಿರಿಯರಿಗೆ ಸುಸ್ತು. ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ವಾರದ ದಿನ ಆದರೆ ಕೆಲವು ಕಡೆ ಸೂಪು, ಪಾಸ್ತಾ ಅಥವಾ ಪಿಜ್ಜಾ, ಸಿಹಿ ಸೇರಿಸಿ ಮಧ್ಯಾಹ್ನದ ಸೆಟ್ ಊಟ ಇರುತ್ತದೆ, ಬಿಡಿಬಿಡಿಯಾಗಿ ತಗೊಳ್ಳುವುದಕ್ಕಿಂತ ಕಮ್ಮಿಗೆ ಮುಗಿಯುತ್ತದೆ, ಫೋನ್ ಮಾಡಿದಾಗ ಇದನ್ನೂ ಕೇಳಿ. ಮೂರೂವರೆ ಮೇಲೆ ಹೋಗಬೇಡಿ, ತುಂಬಾ ಕಡೆ ಸಂಜೆವರೆಗೆ ಅಡುಗೆಮನೆ ಮುಚ್ಚುತ್ತಾರೆ. ಬುಕ್ ಮಾಡುವಾಗ ಎಸಿ ಕೆಳಗೆ ಬೇಡ, ಸ್ಪೀಕರ್ ಪಕ್ಕ ಬೇಡ, ಎತ್ತರದ ಸ್ಟೂಲ್ ಬೇಡ, ಬೆನ್ನಿಗೆ ಆಸರೆ ಇರುವ ಕುರ್ಚಿ ಬೇಕು ಅಂತ ಹೇಳಿಬಿಡಿ. ಮಗಳ ಖುಷಿಗೆ ಕೇಕ್ ಒಯ್ಯುವ ಯೋಚನೆ ಇದ್ದರೆ ಅದಕ್ಕೂ ಮೊದಲೇ ಕೇಳಿ, ಹೊರಗಿನ ಕೇಕ್ ಕತ್ತರಿಸೋಕೆ ಬೇರೆ ಚಾರ್ಜ್ ಹಾಕುವವರಿದ್ದಾರೆ. ಧಾರವಾಡ ಪೇಡೆಯ ಡಬ್ಬಿಗೆ ಇದುವರೆಗೆ ಯಾರೂ ಹಾಕಿದ್ದನ್ನು ನಾನು ಕೇಳಿಲ್ಲ.